ಹೊರದೇಶದಲ್ಲಿ ಕಾರು ಮಾರುವುದು ಹೇಗೆ: ರಫ್ತೋ, ಪಾಲುದಾರಿಕೆಯೋ, ಸ್ವಂತ ಕಾರ್ಖಾನೆಯೋ?

1957 ರ ಅಕ್ಟೋಬರ್‌ನಲ್ಲಿ ಟೊಯೋಟಾ ಕಂಪನಿ ಅಮೆರಿಕದ ಹಾಲಿವುಡ್‌ನಲ್ಲಿ ಒಂದು ಹಳೆಯ ಕಾರು ಶೋರೂಮ್ ಹಿಡಿದು ಮಾರಾಟ ಕಂಪನಿ ತೆರೆಯಿತು. ಮಾರಲು ತಂದಿದ್ದು ಟೊಯೋಪೆಟ್ ಕ್ರೌನ್. ಜಪಾನಿನಲ್ಲಿ ಅದಕ್ಕೆ ಒಳ್ಳೆಯ ಹೆಸರಿತ್ತು. ಹಳ್ಳ ದಿಣ್ಣೆಯ ರಸ್ತೆಯಲ್ಲಿ ಟ್ಯಾಕ್ಸಿಯಾಗಿ ವರ್ಷಗಟ್ಟಲೆ ಓಡಲಿ ಅಂತ ಗಟ್ಟಿಮುಟ್ಟಾಗಿ ಕಟ್ಟಿದ ಕಾರು. ಎಂಜಿನ್ ಮಾತ್ರ ಒಂದೂವರೆ ಲೀಟರ್‌ನದು. ಕ್ಯಾಲಿಫೋರ್ನಿಯಾದ ಹೆದ್ದಾರಿಗೆ ಇಳಿದ ಕೂಡಲೇ ಬಣ್ಣ ಬಯಲಾಯಿತು. ವೇಗ ಏರಿಸಿದರೆ ಗಡಗಡ ನಡುಕ, ಕಿವಿ ತುಂಬಾ ಎಂಜಿನ್ ಸದ್ದು. ಏರು ಬಂದರೆ ಏದುಸಿರು. 1958 ರಲ್ಲಿ ಇಡೀ ವರ್ಷಕ್ಕೆ ಮಾರಾಟವಾಗಿದ್ದು 287 ಕ್ರೌನ್ ಮತ್ತು ಒಂದೇ ಒಂದು ಲ್ಯಾಂಡ್ ಕ್ರೂಸರ್. 1960 ರ ಕೊನೆಗೆ ಕ್ರೌನ್ ಕಳಿಸುವುದನ್ನೇ ನಿಲ್ಲಿಸಿದರು.

ಸೋಲು ದೊಡ್ಡದೇ. ಆದರೆ ಕಳೆದುಕೊಂಡಿದ್ದೇನು? ಹಡಗಿನ ಬಾಡಿಗೆ, ಶೋರೂಮ್ ಬಾಡಿಗೆ, ಒಂದಷ್ಟು ಜನರ ಸಂಬಳ, ಜೊತೆಗೆ ಸ್ವಲ್ಪ ಮಾನ. ಕಾರ್ಖಾನೆ ಕಟ್ಟಿರಲಿಲ್ಲವಾದ್ದರಿಂದ ಮುಚ್ಚುವ ಕಷ್ಟವೂ ಇರಲಿಲ್ಲ. ಐದು ವರ್ಷ ಬಿಟ್ಟು, ಹೆದ್ದಾರಿಗೆ ತಕ್ಕ ಎಂಜಿನ್ ಹಾಕಿದ ಕೊರೋನಾ ತಂದು ಮತ್ತೆ ಬಾಗಿಲು ತಟ್ಟಿದರು. 1984 ರಲ್ಲಿ ಜನರಲ್ ಮೋಟರ್ಸ್ ಜೊತೆ ಸೇರಿ ಅಮೆರಿಕದಲ್ಲೇ ಕಾರು ಮಾಡಿದರು. 1988 ರಲ್ಲಿ ಕೆಂಟಕಿಯಲ್ಲಿ ಪೂರ್ತಿ ಸ್ವಂತ ಕಾರ್ಖಾನೆಯಿಂದ ಕ್ಯಾಮ್ರಿ ಹೊರಬಂತು. ಮೊದಲ ಶೋರೂಮ್‌ನಿಂದ ಅಲ್ಲಿಗೆ ಮೂವತ್ತು ವರ್ಷ.

ಫೋಕ್ಸ್‌ವ್ಯಾಗನ್ ಕಥೆ ಇದರ ಉಲ್ಟಾ. ಬೀಟಲ್ ಕಾರನ್ನು ರಫ್ತು ಮಾಡಿಯೇ ಅಮೆರಿಕದಲ್ಲಿ ಹೆಸರು ಗಳಿಸಿದ ಕಂಪನಿ ಅದು. 1978 ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಾರ್ಖಾನೆ ತೆರೆದು ರ‍್ಯಾಬಿಟ್ ಕಾರು ಮಾಡಲು ಹೊರಟಿತು. ಮಾರಾಟ ಕುಸಿಯಿತು. 1988 ರಲ್ಲಿ ಬೀಗ ಬಿತ್ತು.

ನೀವು ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಯಾಗಿ ಪ್ರಾಜೆಕ್ಟ್ ಬರೆಯುತ್ತಿರಬಹುದು, ಇಲ್ಲವೇ ಕಾರು ಕಂಪನಿಯೊಂದರ ಪ್ಲಾನಿಂಗ್ ವಿಭಾಗದಲ್ಲಿ ಕೂತಿರಬಹುದು. ಯಾರೇ ಆದರೂ ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟುಕೊಂಡೇ ಮುಂದೆ ಓದಿ. 'ಯಾವ ದಾರಿ ಒಳ್ಳೆಯದು' ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. 'ನಮ್ಮ ಅಂದಾಜು ತಪ್ಪಾದರೆ ಎಷ್ಟು ಹೋಗುತ್ತದೆ' ಅಂತ ಪ್ರತಿ ಹೆಜ್ಜೆಯಲ್ಲೂ ಕೇಳಿದರೆ ದಾರಿ ತಾನಾಗಿ ಕಾಣುತ್ತದೆ.

ಹೆಜ್ಜೆ 1: ಯಾಕೆ ಹೋಗುತ್ತಿದ್ದೀರಿ ಅಂತ ಒಂದು ವಾಕ್ಯದಲ್ಲಿ ಬರೆಯಿರಿ

'ಜಾಗತಿಕ ಮಟ್ಟದಲ್ಲಿ ಬೆಳೆಯಲು' ಅಂತ ಬರೆದರೆ ಅದು ಕಾರಣವಲ್ಲ, ಸುಮ್ನೆ ಅಲಂಕಾರ. ಕಾರಣ ಬೇರೆಯಾದರೆ ದಾರಿಯೂ ಬೇರೆಯಾಗುತ್ತದೆ. ಅಲ್ಲಿಯ ಜನಕ್ಕೆ ಕಾರು ಮಾರುವುದು ಒಂದು ಕಾರಣ. ಅಲ್ಲಿ ಅಗ್ಗವಾಗಿ ಮಾಡಿ ಬೇರೆ ಕಡೆ ಕಳಿಸುವುದು ಇನ್ನೊಂದು. ಇದಕ್ಕೆ ಕಾರ್ಖಾನೆ ಬೇಕೇ ಬೇಕು, ಶೋರೂಮ್ ಬೇಕಾಗಿಲ್ಲ. ಸುಂಕ ಅಥವಾ ಕೋಟಾದಿಂದ ತಪ್ಪಿಸಿಕೊಳ್ಳುವುದು ಮೂರನೆಯದು. 1981 ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ಜಪಾನ್ ತನ್ನ ಕಾರು ರಫ್ತಿಗೆ ವರ್ಷಕ್ಕೆ 16.8 ಲಕ್ಷದ ಮಿತಿ ಹಾಕಿಕೊಂಡಿತು. ಆ ಮಿತಿ ಇಲ್ಲದಿದ್ದರೆ ಜಪಾನಿ ಕಂಪನಿಗಳು ಅಲ್ಲಿ ಅಷ್ಟು ಬೇಗ ಕಾರ್ಖಾನೆ ಕಟ್ಟುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಆಮೇಲೆ ಹಣದ ಬೆಲೆ ಇದೆ. 1985 ರ ಶುರುವಿನಲ್ಲಿ ಒಂದು ಡಾಲರ್‌ಗೆ 240 ಯೆನ್‌ಗೂ ಜಾಸ್ತಿ ಸಿಗುತ್ತಿತ್ತು. ಮೂರೇ ವರ್ಷದಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಜಪಾನಿನಲ್ಲಿ ಮಾಡಿ ಅಮೆರಿಕದಲ್ಲಿ ಮಾರುವವರ ಲಾಭ ಏನಾಗಿರಬೇಕು, ಯೋಚಿಸಿ.

ಕಲಿಯಲು ಹೋಗುವುದೂ ಒಂದು ಕಾರಣ. ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿ ಜನರಲ್ ಮೋಟರ್ಸ್‌ನ ಒಂದು ಕಾರ್ಖಾನೆ ಇತ್ತು. ಕಾರ್ಮಿಕರ ಗೈರುಹಾಜರಿಗೆ, ಜಗಳಕ್ಕೆ ಹೆಸರಾಗಿತ್ತು. 1982 ರಲ್ಲಿ ಮುಚ್ಚಿದರು. ಎರಡೇ ವರ್ಷದಲ್ಲಿ ಟೊಯೋಟಾ ಜೊತೆಗಿನ ಜಂಟಿ ಉದ್ಯಮಕ್ಕಾಗಿ ಅದೇ ಕಟ್ಟಡ ಮತ್ತೆ ತೆರೆಯಿತು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಅದೇ ಹಳೆಯ ಕಾರ್ಮಿಕರು. ಗುಣಮಟ್ಟ ನೋಡನೋಡುತ್ತಾ ಮೇಲೇರಿತು. ಅಮೆರಿಕದ ಕಾರ್ಮಿಕರು, ಅವರ ಯೂನಿಯನ್, ಬಿಡಿಭಾಗ ಕೊಡುವವರು ನಮ್ಮ ಪದ್ಧತಿಗೆ ಹೊಂದುತ್ತಾರಾ ಅಂತ ಟೊಯೋಟಾ ತಿಳಿಯಬೇಕಿತ್ತು. ಸಣ್ಣ ಕಾರನ್ನು ಚೆನ್ನಾಗಿ ಮಾಡುವುದು ಹೇಗೆ ಅಂತ ಜನರಲ್ ಮೋಟರ್ಸ್ ನೋಡಬೇಕಿತ್ತು. ಇಬ್ಬರಿಗೂ ಅವರವರ ಉತ್ತರ ಸಿಕ್ಕಿತು. ಟೊಯೋಟಾ ತನ್ನ ಉತ್ತರವನ್ನು ಕೆಂಟಕಿಗೆ ಒಯ್ದಿತು. ಜನರಲ್ ಮೋಟರ್ಸ್ ಕಲಿತದ್ದನ್ನು ಉಳಿದ ಕಾರ್ಖಾನೆಗಳಿಗೆ ಹರಡಲು ಬಹಳ ವರ್ಷ ಹೆಣಗಿತು.

ಹೆಜ್ಜೆ 2: ಕಾರು ಅಲ್ಲಿಗೆ ಹೊಂದುತ್ತದಾ?

ಈ ಹೆಜ್ಜೆಯನ್ನು ಬಹಳ ಜನ ಹಾರಿಬಿಡುತ್ತಾರೆ. ಕಾರೇ ತಪ್ಪಾಗಿದ್ದರೆ ಪ್ರವೇಶದ ದಾರಿ ಎಷ್ಟು ಜಾಣತನದಿಂದ ಆರಿಸಿದರೂ ಪ್ರಯೋಜನವಿಲ್ಲ. ಕ್ರೌನ್ ಅದನ್ನೇ ತೋರಿಸಿತು.

ಇಲ್ಲಿ ತೀರ್ಮಾನಿಸಬೇಕಾದ್ದು ಇಷ್ಟು: ಇಡೀ ಜಗತ್ತಿಗೆ ಒಂದೇ ಕಾರೋ, ದೇಶಕ್ಕೊಂದು ಕಾರೋ? ಒಂದೇ ಕಾರಾದರೆ ಖರ್ಚು ಕಡಿಮೆ. ದೇಶಕ್ಕೊಂದಾದರೆ ಗಿರಾಕಿಗೆ ಖುಷಿ, ಲೆಕ್ಕ ವಿಭಾಗಕ್ಕೆ ತಲೆನೋವು. ಫೋರ್ಡ್ 1980 ರ ಹೊತ್ತಿಗೆ ಎಸ್ಕಾರ್ಟ್ ಅನ್ನು ಜಗತ್ತಿನ ಕಾರು ಅಂತಲೇ ಯೋಜಿಸಿತು. ಅಟ್ಲಾಂಟಿಕ್‌ನ ಎರಡೂ ಕಡೆಯ ಎಂಜಿನಿಯರುಗಳು ತಮ್ಮ ತಮ್ಮ ಬದಲಾವಣೆ ಮಾಡುತ್ತಾ ಹೋದರು. ಕೊನೆಗೆ ಯುರೋಪಿನ ಎಸ್ಕಾರ್ಟ್‌ಗೂ ಅಮೆರಿಕದ ಎಸ್ಕಾರ್ಟ್‌ಗೂ ಹೆಸರು ಬಿಟ್ಟರೆ ಸಮಾನವಾಗಿ ಉಳಿದ ಭಾಗಗಳು ತೀರಾ ಕಡಿಮೆ. ಈಗ ಬಹುತೇಕ ಕಂಪನಿಗಳು ನಡುದಾರಿ ಹಿಡಿದಿವೆ. ಕೆಳಗಿನ ಪ್ಲಾಟ್‌ಫಾರ್ಮ್, ಅಂದರೆ ಕಾರಿನ ತಳದ ಚೌಕಟ್ಟು, ಒಂದೇ, ಮೇಲಿನ ಬಾಡಿ, ಒಳಗಿನ ಸೀಟು, ಸಸ್ಪೆನ್ಷನ್ ಆಯಾ ದೇಶಕ್ಕೆ.

ಫ್ರಾನ್ಸಿನ ರೆನೋ ಮಾಡಿದ್ದು ಇನ್ನೊಂದು ರೀತಿ. 1999 ರಲ್ಲಿ ರೊಮೇನಿಯಾದ ದಾಚಿಯಾ ಕಂಪನಿಯನ್ನು ಕೊಂಡು, ಬಡ ಮಾರುಕಟ್ಟೆಗಳಿಗಾಗಿ 5,000 ಯೂರೋ ಆಸುಪಾಸಿನ ಕಾರು ಮಾಡಬೇಕು ಅಂತ ಗುರಿ ಇಟ್ಟುಕೊಂಡಿತು. 2004 ರಲ್ಲಿ ಲೋಗನ್ ಬಂತು. ಅದನ್ನು ಶ್ರೀಮಂತ ಯುರೋಪಿನಲ್ಲಿ ಮಾರುವ ಯೋಚನೆ ಮೊದಲು ಇರಲಿಲ್ಲ. ಆದರೆ ಫ್ರಾನ್ಸಿನ ಜನರೂ 'ನಮಗೂ ಬೇಕು' ಅಂದರು, 2005 ರಿಂದ ಅಲ್ಲೂ ಮಾರಾಟ ಶುರುವಾಯಿತು.

ಚಿಕ್ಕ ಪರೀಕ್ಷೆಗಳನ್ನೂ ಮರೆಯಬೇಡಿ. ಸ್ಟಿಯರಿಂಗ್ ಯಾವ ಕಡೆ? ಇಂಧನ ಹೇಗಿದೆ? ಪಾರ್ಕಿಂಗ್ ಜಾಗ ಎಷ್ಟು ಅಗಲ? ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ಚೀನಾದಲ್ಲಿ ಜರ್ಮನ್ ಕಂಪನಿಗಳು ಹಿಂದಿನ ಸೀಟಿನವರ ಕಾಲಿಗೆ ಜಾಗ ಸಿಗಲಿ ಅಂತ ಕಾರಿನ ಉದ್ದವನ್ನೇ ಹಿಗ್ಗಿಸಿ ಮಾರುತ್ತವೆ.

ಹೆಜ್ಜೆ 3: ಸುಂಕದ ಪಟ್ಟಿ ಬಿಚ್ಚಿ

ತರಗತಿಯಲ್ಲಿ ಪ್ರವೇಶದ ದಾರಿಗಳನ್ನು ಅಂಗಡಿಯಲ್ಲಿ ಅಂಗಿ ಆರಿಸಿದ ಹಾಗೆ ಹೇಳಿಕೊಡುತ್ತಾರೆ. ನಿಜದಲ್ಲಿ ಅರ್ಧ ಅಂಗಿಗಳನ್ನು ಸರ್ಕಾರ ಮೊದಲೇ ತೆಗೆದಿಟ್ಟಿರುತ್ತದೆ. ಹಾಗಾಗಿ ಮಾರುಕಟ್ಟೆ ಸಮೀಕ್ಷೆಗೂ ಮೊದಲು ಈ ಐದು ವಿಷಯ ಹುಡುಕಿ: ಪೂರ್ತಿ ಸಿದ್ಧವಾದ ಕಾರಿನ ಮೇಲೆ ಸುಂಕ ಎಷ್ಟು, ಅಲ್ಲಿ ಜೋಡಿಸಲು ಕಳಿಸುವ ಬಿಚ್ಚಿದ ಭಾಗಗಳ ಕಿಟ್ ಮೇಲೆ ಎಷ್ಟು, ಸ್ಥಳೀಯ ಭಾಗಗಳು ಎಷ್ಟು ಪಾಲು ಇರಬೇಕು, ವಿದೇಶಿ ಕಂಪನಿ ಎಷ್ಟು ಷೇರು ಇಟ್ಟುಕೊಳ್ಳಬಹುದು, ಕಿಟ್ ತರಿಸಲು, ಲಾಭವನ್ನು ಹೊರಗೆ ಒಯ್ಯಲು ಡಾಲರ್ ಸಿಗುತ್ತದಾ.

ಸುಂಕ ಕಾರಿನ ಆಕಾರವನ್ನೇ ಹೇಗೆ ಬದಲಿಸುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 1960 ರ ದಶಕದಲ್ಲಿ ಯುರೋಪು ಅಮೆರಿಕದ ಕೋಳಿ ಮಾಂಸದ ಮೇಲೆ ಸುಂಕ ಏರಿಸಿತು. ಸೇಡಿಗೆ ಅಮೆರಿಕ ಹೊರಗಿನಿಂದ ಬರುವ ಸಣ್ಣ ಟ್ರಕ್, ಸರಕು ವ್ಯಾನುಗಳ ಮೇಲೆ 25% ಸುಂಕ ಹಾಕಿತು. ಕೋಳಿ ಜಗಳ ಮುಗಿದು ಎಷ್ಟೋ ವರ್ಷವಾದರೂ 'ಕೋಳಿ ಸುಂಕ' ಉಳಿಯಿತು. ಆದರೆ ಪ್ರಯಾಣಿಕರ ವಾಹನಕ್ಕೆ ಸುಂಕ ಬರೀ 2.5% ಇತ್ತು. ಫೋರ್ಡ್ ತನ್ನ ಟ್ರಾನ್ಸಿಟ್ ಕನೆಕ್ಟ್ ವ್ಯಾನನ್ನು ಟರ್ಕಿಯಲ್ಲಿ ಮಾಡಿ, ಹಿಂದೆ ಸೀಟು, ಸೀಟ್ ಬೆಲ್ಟ್, ಕಿಟಕಿ ಎಲ್ಲಾ ಹಾಕಿ ಹಡಗು ಹತ್ತಿಸುತ್ತಿತ್ತು. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ ಇಳಿದು ಕಸ್ಟಮ್ಸ್ ದಾಟಿದ ಮೇಲೆ ಸೀಟು ಕಿತ್ತು, ಕಿಟಕಿ ಜಾಗಕ್ಕೆ ತಗಡು ಕೂರಿಸಿ ಸರಕು ವ್ಯಾನ್ ಅಂತ ಮಾರುವುದು. ಕಿತ್ತುಹಾಕಲೆಂದೇ ಹೊಲಿದ ಸೀಟುಗಳು! ಕೋರ್ಟಿನಲ್ಲಿ ವರ್ಷಗಟ್ಟಲೆ ಜಗ್ಗಾಡಿ, ಕೊನೆಗೆ 2024 ರಲ್ಲಿ ಫೋರ್ಡ್ 36.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಮರ್ಸಿಡಿಸ್ ಕಂಡುಕೊಂಡ ಉಪಾಯ ಸಕ್ರಮವಾಗಿತ್ತು, ಆದರೆ ವಿಚಿತ್ರ. ಸ್ಪ್ರಿಂಟರ್ ವ್ಯಾನನ್ನು ಜರ್ಮನಿಯಲ್ಲಿ ಪೂರ್ತಿ ಕಟ್ಟಿ, ಮತ್ತೆ ಬಿಚ್ಚಿ, ಭಾಗಗಳಾಗಿ ಹಡಗಿನಲ್ಲಿ ಸೌತ್ ಕೆರೊಲಿನಾಗೆ ಕಳಿಸಿ ಅಲ್ಲಿ ಮತ್ತೆ ಜೋಡಿಸುತ್ತಿದ್ದರು. ಇಷ್ಟೆಲ್ಲಾ ಸರ್ಕಸ್ 25% ಗಿಂತ ಅಗ್ಗ! ಮಾರಾಟ ಬೆಳೆದ ಮೇಲೆ, 2018 ರಲ್ಲಿ ಅಲ್ಲೇ ಪೂರ್ಣ ಕಾರ್ಖಾನೆ ತೆರೆದರು.

ಷೇರಿನ ಮಿತಿಗೆ ಚೀನಾ ಉದಾಹರಣೆ. ಬಹಳ ವರ್ಷ ಅಲ್ಲಿ ವಿದೇಶಿ ಕಾರು ಕಂಪನಿ 50% ಗಿಂತ ಜಾಸ್ತಿ ಪಾಲು ಇಟ್ಟುಕೊಳ್ಳುವಂತಿರಲಿಲ್ಲ. ಫೋಕ್ಸ್‌ವ್ಯಾಗನ್, ಹೋಂಡಾ, ಟೊಯೋಟಾ ಎಲ್ಲರೂ ಸ್ಥಳೀಯ ಕಂಪನಿಯ ಕೈ ಹಿಡಿದೇ ಒಳಗೆ ಹೋದರು. ಅದು ಅವರ ಆಯ್ಕೆ ಅಂತ ನಿಮ್ಮ ವರದಿಯಲ್ಲಿ ಬರೆಯಬೇಡಿ, ಅದು ಷರತ್ತು. 2018 ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ಮಿತಿ ತೆಗೆದರು. ಅದೇ ವರ್ಷ ಟೆಸ್ಲಾ ಶಾಂಘೈನಲ್ಲಿ ಜಾಗ ಹಿಡಿಯಿತು. 2019 ರ ಜನವರಿಯಲ್ಲಿ ಗುದ್ದಲಿ ಪೂಜೆ, ಅದೇ ಡಿಸೆಂಬರ್ ಕೊನೆಗೆ ಮೊದಲ ಕಾರುಗಳ ವಿತರಣೆ. ಉಳಿದ ಪ್ರಯಾಣಿಕ ಕಾರುಗಳಿಗೆ ಮಿತಿ ಹೋಗಿದ್ದು 2022 ರಲ್ಲಿ.

ಒಂದೇ ಮಾರುಕಟ್ಟೆಯಲ್ಲಿ ಕಂಪನಿಯಿಂದ ಕಂಪನಿಗೆ ಸುಂಕ ಬೇರೆಯಾಗಬಹುದು. 2024 ರ ಅಕ್ಟೋಬರ್‌ನಲ್ಲಿ ಯುರೋಪು ಒಕ್ಕೂಟ ಚೀನಾದಲ್ಲಿ ತಯಾರಾದ ಎಲೆಕ್ಟ್ರಿಕ್ ಕಾರುಗಳಿಗೆ ಮಾಮೂಲಿ 10% ಮೇಲೆ ಹೆಚ್ಚುವರಿ ಸುಂಕ ಹಾಕಿತು. ಚೀನಾ ಕಂಪನಿಗಳಾದ ಬಿವೈಡಿಗೆ 17%, ಎಸ್‌ಎಐಸಿಗೆ 35.3%. ಬಿವೈಡಿ 2023 ರ ಕೊನೆಯಲ್ಲೇ ಹಂಗೇರಿಯಲ್ಲಿ ಕಾರ್ಖಾನೆ ಕಟ್ಟುವುದಾಗಿ ಹೇಳಿತ್ತು. ಇನ್ನೊಂದು ಚೀನಾ ಕಂಪನಿ ಎಕ್ಸ್‌ಪೆಂಗ್ ಬೇರೆ ದಾರಿ ಹಿಡಿದು, ಆಸ್ಟ್ರಿಯಾದ ಗ್ರಾಜ್‌ನಲ್ಲಿರುವ ಮ್ಯಾಗ್ನಾ ಕಾರ್ಖಾನೆಯಲ್ಲಿ ಗುತ್ತಿಗೆಗೆ ಕಾರು ಮಾಡಿಸಲು ಶುರು ಮಾಡಿತು.

ಹೆಜ್ಜೆ 4: ದಾರಿಗಳನ್ನು ಸಾಲಾಗಿ ಇಡಿ

ಹಣ ಕಡಿಮೆ ಹೂಡುವ ದಾರಿಯಿಂದ ಜಾಸ್ತಿ ಹೂಡುವ ದಾರಿಗೆ ಹೋಗೋಣ. ಪ್ರತಿಯೊಂದರ ಎದುರು 'ಯಾರ ಕೈಯಲ್ಲಿ ಸ್ಟಿಯರಿಂಗ್' ಅಂತ ಬರೆದುಕೊಳ್ಳಿ.

ವಿತರಕರ ಮೂಲಕ ರಫ್ತು. ಸ್ಥಳೀಯ ವ್ಯಾಪಾರಿ ಕಾರು ಕೊಂಡು ತಾನೇ ಮಾರುತ್ತಾನೆ. ನಿಮ್ಮ ಖರ್ಚು ಕಡಿಮೆ. ಆದರೆ ಗಿರಾಕಿ ಯಾರು, ದೂರು ಏನು ಅಂತ ನಿಮಗೆ ನೇರವಾಗಿ ತಿಳಿಯುವುದಿಲ್ಲ. ಸುಬಾರು ಅಮೆರಿಕಕ್ಕೆ ಹೋಗಿದ್ದು ಹೀಗೆ. 1968 ರಲ್ಲಿ ಅಲ್ಲಿನ ವ್ಯಾಪಾರಿಗಳೇ ಆಮದು ಕಂಪನಿ ಕಟ್ಟಿದರು. ಬ್ರ್ಯಾಂಡ್ ಬೆಳೆದ ಮೇಲೆ, 1990 ರಲ್ಲಿ ಜಪಾನಿನ ಮೂಲ ಕಂಪನಿ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಾಯಿತು.

ಸ್ವಂತ ಮಾರಾಟ ಕಂಪನಿ ತೆರೆದು ರಫ್ತು. ಟೊಯೋಟಾ 1957 ರಲ್ಲಿ ಮಾಡಿದ್ದು ಇದನ್ನೇ. ಕಲಿಕೆ ನಿಮ್ಮದೇ, ಸುಂಕದ ಹೊರೆಯೂ ನಿಮ್ಮದೇ.

ಕಿಟ್ ಜೋಡಣೆ. ಅರ್ಧ ಬಿಚ್ಚಿದ್ದು ಎಸ್‌ಕೆಡಿ, ಪೂರ್ತಿ ಬಿಚ್ಚಿದ್ದು ಸಿಕೆಡಿ. ಸುಂಕ ಹೆಚ್ಚು, ಮಾರಾಟ ಮಧ್ಯಮ ಇರುವ ಕಡೆ ಇದು ಹೊಂದುತ್ತದೆ. ಆದರೆ ಕಿಟ್ ತರಿಸಲು ವಿದೇಶಿ ಹಣ ಬೇಕು. ಬೀಜಿಂಗ್ ಜೀಪ್ ಅನ್ನುವುದು 1984 ರಲ್ಲಿ ಶುರುವಾದ ಚೀನಾ-ಅಮೆರಿಕ ಜಂಟಿ ಉದ್ಯಮ. ಎಲ್ಲ ಸಹಿ, ಸಮಾರಂಭ ಮುಗಿದ ಮೇಲೆ ಕಿಟ್‌ಗೆ ಕೊಡಲು ಡಾಲರ್ ಸಿಗದೆ 1986 ರಲ್ಲಿ ಜೋಡಣೆ ನಿಂತುಹೋಯಿತು. ಮೂರನೇ ಹೆಜ್ಜೆಯ ಐದನೇ ಪ್ರಶ್ನೆ ಅದಕ್ಕೇ.

ಲೈಸೆನ್ಸ್. ನಿಮ್ಮ ಕಾರನ್ನು ಇನ್ನೊಬ್ಬರು ಅವರ ಹೆಸರಿನಲ್ಲಿ ಮಾಡುತ್ತಾರೆ, ನಿಮಗೆ ದುಡ್ಡು ಬರುತ್ತದೆ. ಫಿಯೆಟ್ 1966 ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡಿತು. ಟೊಲ್ಯಾಟ್ಟಿಯ ಹೊಸ ಕಾರ್ಖಾನೆಯಲ್ಲಿ 1970 ರಿಂದ ಫಿಯೆಟ್ 124 ಆಧಾರಿತ ಕಾರು ಹೊರಬರತೊಡಗಿತು. ಅದೇ ಕಾರು ಲಾಡಾ ಅನ್ನುವ ಹೆಸರಿನಲ್ಲಿ ಪಶ್ಚಿಮ ಯುರೋಪಿಗೆ ಬಂದು ಅಗ್ಗದ ಬೆಲೆಗೆ ಮಾರಾಟವಾಯಿತು. ಲೈಸೆನ್ಸ್ ಕೊಟ್ಟರೆ ಮುಂದೊಂದು ದಿನ ನಿಮ್ಮದೇ ಹಳೆಯ ಕಾರು ನಿಮ್ಮೆದುರು ನಿಲ್ಲಬಹುದು. ಇನ್ನು ಐದಾರು ವರ್ಷದಲ್ಲಿ ಹಳತಾಗುವ ಮಾದರಿಗೆ ಮಾತ್ರ ಈ ದಾರಿ ಅಂತ ನನ್ನ ಮಟ್ಟಿಗೆ ನಾನು ಗೆರೆ ಎಳೆಯುತ್ತೇನೆ.

ಗುತ್ತಿಗೆ ತಯಾರಿಕೆ. ಕಾರ್ಖಾನೆ ಅವರದು, ಕಾರು, ಬ್ರ್ಯಾಂಡ್, ಮಾರಾಟ ನಿಮ್ಮದು. ಗ್ರಾಜ್‌ನ ಅದೇ ಕಾರ್ಖಾನೆ ಮರ್ಸಿಡಿಸ್ ಜಿ ಕ್ಲಾಸ್ ಮಾಡುತ್ತದೆ, ಬಿಎಂಡಬ್ಲ್ಯೂ ಝಡ್4 ಮತ್ತು ಟೊಯೋಟಾ ಸುಪ್ರಾವನ್ನೂ ಮಾಡಿದೆ. ಒಂದೊಂದು ಕಾರಿಗೂ ಖರ್ಚು ಜಾಸ್ತಿ, ಬಿಟ್ಟುಬರುವುದು ಸುಲಭ.

ಜಂಟಿ ಉದ್ಯಮ. ಇದರ ಬಗ್ಗೆ ಹೇಳುವುದು ಬಹಳ ಇದೆ, ಆರನೇ ಹೆಜ್ಜೆಯಲ್ಲಿ ಬರುತ್ತದೆ.

ಇರುವ ಕಂಪನಿಯನ್ನೇ ಕೊಳ್ಳುವುದು. ಸಿದ್ಧ ಬ್ರ್ಯಾಂಡ್, ಡೀಲರ್, ಎಂಜಿನಿಯರು ಎಲ್ಲಾ ಒಟ್ಟಿಗೆ ಸಿಗುತ್ತಾರೆ. ಜೊತೆಗೆ ಸಾಲ, ಪಿಂಚಣಿ, ಹಳೆಯ ಜಗಳವೂ ಬರುತ್ತದೆ. 2008 ರಲ್ಲಿ ಟಾಟಾ 230 ಕೋಟಿ ಡಾಲರ್‌ಗೆ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಾಗ ಅವರಿಗೆ ಬೇಕಿದ್ದು ಬ್ರ್ಯಾಂಡ್ ಮತ್ತು ತಂತ್ರಜ್ಞಾನ. ಅವನ್ನು ಕಟ್ಟಲು ಹೊರಟಿದ್ದರೆ ದಶಕಗಳು ಬೇಕಿತ್ತು. 1998 ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಅಮೆರಿಕದ ಕ್ರೈಸ್ಲರ್ ಸೇರಿದ್ದನ್ನೂ ನೋಡಿ. ಒಂಬತ್ತು ವರ್ಷದಲ್ಲಿ ಬೇರೆಯಾದರು.

ಸ್ವಂತ ಹೊಸ ಕಾರ್ಖಾನೆ, ಅಂದರೆ ಗ್ರೀನ್‌ಫೀಲ್ಡ್. ಸ್ಟಿಯರಿಂಗ್ ಪೂರ್ತಿ ನಿಮ್ಮದು, ಅಪಘಾತವೂ ಪೂರ್ತಿ ನಿಮ್ಮದು. ಹ್ಯುಂಡೈ ಒಂದೇ ಕಂಪನಿ ಎರಡೂ ರುಚಿ ನೋಡಿದೆ. 1989 ರಲ್ಲಿ ಕೆನಡಾದ ಬ್ರೊಮಾಂಟ್‌ನಲ್ಲಿ ಸೊನಾಟಾ ಮಾಡಲು ಕಾರ್ಖಾನೆ ತೆರೆದು 1993 ರಲ್ಲೇ ನಿಲ್ಲಿಸಿತು. 1996 ರಲ್ಲಿ ಭಾರತಕ್ಕೆ ಪೂರ್ಣ ಒಡೆತನದ ಕಂಪನಿಯಾಗಿ ಬಂದು, 1998 ರಲ್ಲಿ ಅಲ್ಲಿನ ರಸ್ತೆ, ಜನರಿಗೆ ತಕ್ಕ ಸಣ್ಣ ಕಾರು ಸ್ಯಾಂಟ್ರೋ ಇಳಿಸಿ ಗೆದ್ದಿತು. ಎರಡೂ ಕಡೆ ಪ್ರವೇಶದ ದಾರಿ ಒಂದೇ. ಬೇರೆಯಾಗಿದ್ದು ಕಾರು ಮತ್ತು ಮಾರುಕಟ್ಟೆ.

ಈ ದಾರಿಗಳನ್ನು ಒಂದೊಂದಾಗಿ ಹತ್ತಬಹುದು. ಹೋಂಡಾ ಓಹಾಯೋದಲ್ಲಿ 1979 ರಲ್ಲಿ ಮೊದಲು ಮೋಟಾರ್‌ಸೈಕಲ್ ಮಾಡಿ ಕೈ ಪಳಗಿಸಿಕೊಂಡಿತು. ಕಾರು ಬಂದಿದ್ದು 1982 ರಲ್ಲಿ. ಹೀಗೆ ನಿಧಾನವಾಗಿ ಮೆಟ್ಟಿಲು ಹತ್ತುವುದಕ್ಕೆ ಪಠ್ಯಗಳಲ್ಲಿ ಅಪ್ಸಲಾ ಮಾದರಿ ಅನ್ನುತ್ತಾರೆ. ಪರೀಕ್ಷೆಗೆ ಹೆಸರು ನೆನಪಿರಲಿ.

ಹೆಜ್ಜೆ 5: ಲೆಕ್ಕ ಹಾಕಿ, ಆಮೇಲೆ ಅದನ್ನೇ ಕೆಡಿಸಿ ನೋಡಿ

ಈಗ ಪೆನ್ನು ಹಿಡಿಯಿರಿ. ಕೆಳಗಿನ ಸಂಖ್ಯೆಗಳು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮ ನಿಜ ಸಂಖ್ಯೆ ಹಾಕಿಕೊಳ್ಳಿ.

ನಮ್ಮ ಕಾರ್ಖಾನೆಯಲ್ಲಿ ಒಂದು ಕಾರಿಗೆ ಆಗುವ ಖರ್ಚು 100 ಅಂತ ಇಟ್ಟುಕೊಳ್ಳೋಣ. ಹಡಗಿನ ಬಾಡಿಗೆ 5, ಆ 105 ರ ಮೇಲೆ 25% ಸುಂಕ. ಎಲ್ಲಾ ಸೇರಿ ಅಲ್ಲಿಗೆ ತಲುಪುವಾಗ ಹತ್ತಿರ ಹತ್ತಿರ 131. ಕಿಟ್ ಕಳಿಸಿ ಅಲ್ಲಿ ಜೋಡಿಸಿದರೆ ಕಾರಿಗೆ 120, ಜೊತೆಗೆ ಶೆಡ್ ನಡೆಸಲು ವರ್ಷಕ್ಕೆ 55,000. ಪೂರ್ಣ ಕಾರ್ಖಾನೆಯಾದರೆ ಕಾರಿಗೆ 108, ಆದರೆ ಕಾರು ಮಾರಲಿ ಬಿಡಲಿ ವರ್ಷಕ್ಕೆ 5,95,000 ಖರ್ಚು ಇದ್ದೇ ಇದೆ.

ರಫ್ತಿಗಿಂತ ಕಿಟ್ ಯಾವಾಗ ಅಗ್ಗ? ಕಾರಿಗೆ 11 ಉಳಿಯುತ್ತದೆ, 55,000 ಅನ್ನು 11 ರಿಂದ ಭಾಗಿಸಿ. ವರ್ಷಕ್ಕೆ 5,000 ಕಾರು ದಾಟಿದರೆ ಕಿಟ್ ಗೆಲ್ಲುತ್ತದೆ. ಕಿಟ್‌ಗಿಂತ ಕಾರ್ಖಾನೆ ಯಾವಾಗ ಅಗ್ಗ? ಕಾರಿಗೆ 12 ಉಳಿಯುತ್ತದೆ, ವಾರ್ಷಿಕ ಖರ್ಚಿನ ವ್ಯತ್ಯಾಸ 5,40,000. ಅಂದರೆ 45,000 ಕಾರು ದಾಟಬೇಕು.

ಮಾರಾಟ ವಿಭಾಗದವರು ಬಂದು 'ವರ್ಷಕ್ಕೆ 60,000 ಖಂಡಿತ' ಅನ್ನುತ್ತಾರೆ. ಹಾಗಾದರೆ ಕಾರ್ಖಾನೆಯೇ ಸರಿ, ಕಿಟ್‌ಗಿಂತ ವರ್ಷಕ್ಕೆ 1,80,000 ಉಳಿತಾಯ. ಈಗ ಅವರ ಅಂದಾಜನ್ನು ಅರ್ಧ ಮಾಡಿ. 30,000 ಕಾರು ಮಾರಿದರೆ ಕಾರ್ಖಾನೆಯಿಂದ ಕಿಟ್‌ಗಿಂತ 1,80,000 ನಷ್ಟ. ಗೆದ್ದರೆ ಎಷ್ಟೋ ಸೋತರೂ ಅಷ್ಟೇ, ಸಮ ಅಲ್ವಾ ಅನ್ನಬಹುದು. ಆದರೆ ಇವು ಸಮ ಅಲ್ಲ. ಕಿಟ್ ಶೆಡ್‌ನಿಂದ ಶುರು ಮಾಡಿ 60,000 ಮುಟ್ಟಿದರೆ ಮುಂದೆ ಕಾರ್ಖಾನೆ ಕಟ್ಟಬಹುದು, ಎರಡು ಮೂರು ವರ್ಷದ ಉಳಿತಾಯ ತಪ್ಪುತ್ತದೆ ಅಷ್ಟೇ. ಕಾರ್ಖಾನೆ ಕಟ್ಟಿ 30,000 ಕ್ಕೆ ನಿಂತರೆ ಅದನ್ನು ಕುಗ್ಗಿಸಿ ಶೆಡ್ ಮಾಡಲು ಆಗುವುದಿಲ್ಲ. ಮಾರಾಟ 20,000 ಕ್ಕೆ ಇಳಿದರೆ ನಷ್ಟ 3,00,000.

ಹಾಗಂತ ಯಾವಾಗಲೂ ನಿಧಾನವೇ ಸರಿ ಅಂತಲ್ಲ. ಸ್ಪರ್ಧಿ ಮೊದಲೇ ಹೋಗಿ ಒಳ್ಳೆಯ ಡೀಲರುಗಳನ್ನು, ಬಿಡಿಭಾಗ ಕೊಡುವವರನ್ನು ಹಿಡಿದುಬಿಟ್ಟರೆ ಕಾದದ್ದಕ್ಕೂ ಬೆಲೆ ತೆರಬೇಕಾಗುತ್ತದೆ. ಆ ಬೆಲೆಯನ್ನೂ ಲೆಕ್ಕದಲ್ಲಿ ಒಂದು ಸಾಲು ಮಾಡಿ. ಸುಂಕ 25 ರಿಂದ 10 ಕ್ಕೆ ಇಳಿದರೆ, ಹಣದ ಬೆಲೆ ಐದನೇ ಒಂದು ಪಾಲು ಬಿದ್ದರೆ ಏನಾಗುತ್ತದೆ ಅಂತಲೂ ಇದೇ ಹಾಳೆಯಲ್ಲಿ ಹಾಕಿ ನೋಡಿ. ಯಾವ ದಾರಿ ಹೆಚ್ಚು ಸಲ ಬದುಕಿ ಉಳಿಯುತ್ತದೋ ಅದರ ಸುತ್ತ ಗುರುತು ಹಾಕಿ.

ಹೆಜ್ಜೆ 6: ಪಾಲುದಾರ ಬೇಕಾದರೆ, ಜಗಳವನ್ನು ಮೊದಲೇ ಆಡಿ

ಜಂಟಿ ಉದ್ಯಮದಲ್ಲಿ ಎಲ್ಲರೂ ಷೇರಿನ ಪ್ರಮಾಣ ನೋಡುತ್ತಾರೆ. ನಾನು ಮೊದಲು ನೋಡುವುದು ಮುಖ್ಯಸ್ಥನನ್ನು ಯಾರು ನೇಮಿಸುತ್ತಾರೆ ಅನ್ನುವುದನ್ನು.

ಸುಜುಕಿ 1982 ರಲ್ಲಿ ಭಾರತ ಸರ್ಕಾರದ ಮಾರುತಿ ಕಂಪನಿಗೆ 26% ಪಾಲಿನೊಂದಿಗೆ ಬಂತು. ಸ್ಥಳೀಯ ಸರ್ಕಾರವೇ ಜೊತೆಗಿರುವಾಗ ಅನುಮತಿ, ಜಾಗ, ಸುಂಕದ ತೊಡಕು ಕಡಿಮೆ. 1983 ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ಹೊರಬಂತು. ಕಾರು ಗೆದ್ದಂತೆ ಸುಜುಕಿ ತನ್ನ ಪಾಲು ಏರಿಸುತ್ತಾ 1992 ರ ಹೊತ್ತಿಗೆ 50% ಮುಟ್ಟಿತು. 1997 ರಲ್ಲಿ ಮ್ಯಾನೇಜಿಂಗ್ ಡೈರೆಕ್ಟರ್ ನೇಮಕದ ವಿಷಯಕ್ಕೇ ಸರ್ಕಾರಕ್ಕೂ ಸುಜುಕಿಗೂ ಜಟಾಪಟಿ ಆಯಿತು. ಮರುವರ್ಷ ರಾಜಿ. 2002 ರಲ್ಲಿ ಸುಜುಕಿ ಬಹುಮತ ಪಡೆಯಿತು, 2007 ರಲ್ಲಿ ಸರ್ಕಾರ ಪೂರ್ತಿ ಹೊರನಡೆಯಿತು. ಇಷ್ಟು ವರ್ಷ ಎಳೆದರೂ ಮುರಿಯಲಿಲ್ಲ, ಯಾಕೆಂದರೆ ಒಬ್ಬರಿಗೆ ಬೇಕಿದ್ದದ್ದು ಇನ್ನೊಬ್ಬರ ಹತ್ತಿರ ಇತ್ತು.

ಅದೇ ಸುಜುಕಿ 2009 ರಲ್ಲಿ ಫೋಕ್ಸ್‌ವ್ಯಾಗನ್ ಜೊತೆ ಕೈ ಜೋಡಿಸಿತು. ಫೋಕ್ಸ್‌ವ್ಯಾಗನ್ 19.9% ಷೇರು ಕೊಂಡಿತು. ನಾವು ಸರಿಸಮಾನರು ಅಂತ ಸುಜುಕಿ ಅಂದುಕೊಂಡಿತ್ತು. ಫೋಕ್ಸ್‌ವ್ಯಾಗನ್ ಹಾಗೆ ಅಂದುಕೊಂಡಂತೆ ಕಾಣಲಿಲ್ಲ. ಸುಜುಕಿ ಡೀಸೆಲ್ ಎಂಜಿನ್‌ಗೆ ಫಿಯೆಟ್ ಕಡೆ ಹೋದಾಗ ಫೋಕ್ಸ್‌ವ್ಯಾಗನ್ 'ಒಪ್ಪಂದ ಮುರಿದಿರಿ' ಅಂದಿತು. ಎರಡೇ ವರ್ಷದಲ್ಲಿ ಸುಜುಕಿ ಸಂಬಂಧ ಕಡಿದುಕೊಳ್ಳಲು ಹೊರಟಿತು. ಆದರೆ ಷೇರು ವಾಪಸ್ ಪಡೆಯಲು ಮಧ್ಯಸ್ಥಿಕೆ ನ್ಯಾಯಮಂಡಳಿಯ ತೀರ್ಪು ಬರುವ 2015 ರವರೆಗೂ ಕಾಯಬೇಕಾಯಿತು. ಮದುವೆಗಿಂತ ವಿಚ್ಛೇದನವೇ ದೀರ್ಘ.

ಹಾಗಾಗಿ ಸಹಿಗೆ ಮುಂಚೆ ಕೆಟ್ಟ ದಿನಗಳನ್ನು ಕಲ್ಪಿಸಿಕೊಂಡು ಮಾತಾಡಿ. ಇಬ್ಬರ ಮತ 50–50 ಆಗಿ ಗಂಟು ಬಿದ್ದರೆ ಬಿಡಿಸುವವರು ಯಾರು? ಹಣಕಾಸಿನ ಮುಖ್ಯಸ್ಥ ಯಾರ ಕಡೆಯವನು? ಅಲ್ಲಿ ಮಾಡಿದ ಕಾರನ್ನು ಪಕ್ಕದ ದೇಶಕ್ಕೆ ಮಾರಬಹುದಾ? ಎಂಜಿನ್ ಬೇರೆಯವರಿಂದ ಕೊಳ್ಳಬಹುದಾ? ನಮ್ಮ ಎದುರಾಳಿಯ ಜೊತೆಗೂ ಅವರು ಇನ್ನೊಂದು ಉದ್ಯಮ ನಡೆಸಬಹುದಾ? ಚೀನಾದ ದೊಡ್ಡ ಕಂಪನಿಗಳು ಒಂದೇ ಸಮಯದಲ್ಲಿ ಇಬ್ಬರು ವಿದೇಶಿ ಪಾಲುದಾರರ ಜೊತೆ ಸಂಸಾರ ಮಾಡಿವೆ. ಎಸ್‌ಎಐಸಿಗೆ ಫೋಕ್ಸ್‌ವ್ಯಾಗನ್ನೂ ಇದೆ, ಜನರಲ್ ಮೋಟರ್ಸೂ ಇದೆ. ಇನ್ನೊಂದು ಮುಖ್ಯ ಪ್ರಶ್ನೆ: ಬೇರೆಯಾಗುವಾಗ ಷೇರಿನ ಬೆಲೆ ಕಟ್ಟುವುದು ಹೇಗೆ? ಈ ಮಾತು ಎತ್ತಿದಾಗ ಎದುರಿನವರು ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ.

ಹೆಜ್ಜೆ 7: ಸರ್ವಿಸ್, ಬಿಡಿಭಾಗ

ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕಾರು ಸೋಪಿನ ಹಾಗಲ್ಲ, ಮಾರಿದ ಮೇಲೆ ಹತ್ತು ಹದಿನೈದು ವರ್ಷ ಬಿಡಿಭಾಗ ಕೊಡುತ್ತಿರಬೇಕು. ಮೊದಲ ಹಡಗಿನಲ್ಲಿ ಕಾರಿನ ಜೊತೆ ಬಂಪರ್, ಹೆಡ್‌ಲೈಟ್, ಬ್ರೇಕ್ ಪ್ಯಾಡ್ ಎಷ್ಟು ಹೋಗುತ್ತವೆ ಅಂತ ಕೇಳಿ. ಉತ್ತರ ತಡವಾದರೆ ಯೋಜನೆ ಇನ್ನೂ ಹಸಿಯಾಗಿದೆ. ಡೀಲರ್ ಜಾಲ ಕಟ್ಟಲೇಬೇಕು ಅಂತ ಈಗ ಇಲ್ಲ. ಹ್ಯುಂಡೈ ಜಪಾನಿಗೆ 2001 ರಲ್ಲಿ ಹೋಗಿ, ಕಾರು ಮಾರಲಾಗದೆ 2009 ರಲ್ಲಿ ವಾಪಸಾಯಿತು. 2022 ರಲ್ಲಿ ಮತ್ತೆ ಹೋದಾಗ ಎಲೆಕ್ಟ್ರಿಕ್ ಮತ್ತು ಹೈಡ್ರೋಜನ್ ಕಾರು ಮಾತ್ರ, ಮಾರಾಟ ಆನ್‌ಲೈನ್‌ನಲ್ಲಿ. ಎರಡನೇ ಸಲ ಸೋತರೂ ಮುಚ್ಚಬೇಕಾದ ಶೋರೂಮುಗಳ ಸಾಲು ಇರುವುದಿಲ್ಲ.

ಹೆಜ್ಜೆ 8: ಹೊರಬರುವ ದಾರಿ, ಖಾಲಿ ಕಾರ್ಖಾನೆಗಳ ಪಟ್ಟಿ

ಹೋಗುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಡಿ: ಇಷ್ಟು ವರ್ಷದೊಳಗೆ ಇಷ್ಟು ಕಾರು ಮಾರದಿದ್ದರೆ ನಿಲ್ಲಿಸುತ್ತೇವೆ. ಆ ಹಾಳೆ ಇಲ್ಲದಿದ್ದರೆ 'ಇನ್ನೊಂದು ಹೊಸ ಮಾದರಿ ತಂದು ನೋಡೋಣ' ಅನ್ನುತ್ತಲೇ ಹತ್ತು ವರ್ಷ ಹೋಗುತ್ತದೆ. ಕೆಲವೊಮ್ಮೆ ತಪ್ಪು ನಿಮ್ಮದಲ್ಲದೆಯೂ ಹೊರಡಬೇಕಾಗುತ್ತದೆ. ಉಕ್ರೇನ್ ಯುದ್ಧದ ನಂತರ 2022 ರಲ್ಲಿ ರೆನೋ ರಷ್ಯಾದ ಕಾರು ಕಂಪನಿ ಅವ್ಟೊವಾಝ್‌ನಲ್ಲಿದ್ದ ತನ್ನ ಪಾಲನ್ನು ಒಂದು ರೂಬಲ್‌ಗೆ ಬಿಟ್ಟುಕೊಟ್ಟಿತು. ಆದರೂ ಆರು ವರ್ಷದೊಳಗೆ ವಾಪಸ್ ಕೊಳ್ಳುವ ಹಕ್ಕನ್ನು ಒಪ್ಪಂದದಲ್ಲಿ ಇಟ್ಟುಕೊಂಡಿತು. ಕೆಟ್ಟ ದಿನದಲ್ಲೂ ಮಾಡಬಹುದಾದ ಒಳ್ಳೆಯ ಕೆಲಸ ಅದು.

ಕಾರು ಕಾರ್ಖಾನೆಯನ್ನು ಯಾರಿಗೆ ಮಾರುತ್ತೀರಿ? ಸಾಮಾನ್ಯವಾಗಿ ಕೊಳ್ಳುವವರು ಇನ್ನೊಂದು ಕಾರು ಕಂಪನಿಯವರೇ. ಹಾಗಾಗಿ ಒಬ್ಬರ ನಿರ್ಗಮನ ಇನ್ನೊಬ್ಬರ ಪ್ರವೇಶವಾಗುತ್ತದೆ. ಪ್ಯೂಜೋ 1997 ರಲ್ಲಿ ಚೀನಾದ ಗ್ವಾಂಗ್‌ಝೌ ಬಿಟ್ಟಾಗ ಆ ಜಾಗಕ್ಕೆ ಬಂದಿದ್ದು ಹೋಂಡಾ. ಬ್ರೆಜಿಲ್‌ನ ಕಮಸಾರಿಯಲ್ಲಿ ಫೋರ್ಡ್ ಬಿಟ್ಟ ಜಾಗದಲ್ಲಿ ಬಿವೈಡಿ ಕೂತಿದೆ. ಬಾರ್ಸಿಲೋನಾದಲ್ಲಿ ನಿಸ್ಸಾನ್ ಖಾಲಿ ಮಾಡಿದ ಕಡೆ ಚೀನಾದ ಚೆರಿ ಕಂಪನಿಯ ಕಾರುಗಳು ಸ್ಥಳೀಯ ಪಾಲುದಾರರ ಜೊತೆ ತಯಾರಾಗುತ್ತಿವೆ. ನಿಮ್ಮ ಆಯ್ಕೆಗಳ ಪಟ್ಟಿಯಲ್ಲಿ ಕೊನೆಗೆ ಇನ್ನೊಂದು ಸಾಲು ಸೇರಿಸಿ: ಆ ದೇಶದಲ್ಲಿ ಈಗ ಯಾವ ಕಾರ್ಖಾನೆ ಖಾಲಿ ಬಿದ್ದಿದೆ, ಯಾವುದು ಅರ್ಧ ಹೊಟ್ಟೆಯಲ್ಲಿ ಓಡುತ್ತಿದೆ? ಮೇಲೆ ಹೇಳಿದ ಫ್ರಿಮಾಂಟ್ ಕಾರ್ಖಾನೆ ನೆನಪಿದೆಯಲ್ಲ. ಮೊದಲು ಜನರಲ್ ಮೋಟರ್ಸ್ ಬಿಟ್ಟಿತು, 2010 ರಲ್ಲಿ ಟೊಯೋಟಾ ಕೂಡ ಅಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು. ಅದೇ ವರ್ಷ ಟೆಸ್ಲಾ ಅದನ್ನು 4.2 ಕೋಟಿ ಡಾಲರ್‌ಗೆ ಕೊಂಡಿತು.